ವಾಲಿ ಕೇಳದ ಪ್ರಶ್ನೆ

ಮಹೇಶ್ವರ ಭಟ್ಟರ ಕರುವಿಗೆ ಬೆಳ್ಯಪ್ಪನ ಮನೆಯ ಬಸಳೆಯ ರುಚಿ ಹತ್ತಿದ್ದೇ ಎಲ್ಲಕ್ಕೂ ಮೂಲ.

ಕೊಯಿಲದಿಂದ ಆಸೆಪಟ್ಟು ತಂದ ಕರು. ಭಟ್ಟರ ಕೊಟ್ಟಿಗೆಯಲ್ಲಿ ಹಿಂಡಿ, ಹಸಿಹುಲ್ಲು ಬೇಕಾದಷ್ಟಿದ್ದರೂ ಬೆಳಗಾದರೆ ಅದು ಕೊಟ್ಟಿಗೆಯ ಹಿಂದಿನ ದಾರಿ ಹಿಡಿದು ನೇರ ಬೆಳ್ಯಪ್ಪನ ಅಂಗಳಕ್ಕೆ ಬರುತ್ತಿತ್ತು; ಪ್ರೇಮಾವತಿ ಸಾಕಿದ ಬಸಳೆ ಚಪ್ಪರಕ್ಕೆ ಬಾಯಿ ಹಾಕುತ್ತಿತ್ತು. ಬೆಳ್ಯಪ್ಪ ಅದನ್ನು ಬೈಯಲಿಲ್ಲ. ಕಿವಿ ತುರಿಸಿ, ನಡೆಸಿಕೊಂಡು ಹೋಗಿ ಭಟ್ಟರ ಕೊಟ್ಟಿಗೆಗೆ ಬಿಟ್ಟು, ಯಾರಿಗೂ ಹೇಳದೆ ಮರಳುತ್ತಿದ್ದ. ಹೀಗಿರುವಾಗ ಒಂದು ದಿನ ಆ ದಾರಿಗೆ ಅಡ್ಡವಾಗಿ, ಹಲಸಿನ ಮರದ ಬುಡದಲ್ಲಿ ಒಂದು ಕಬ್ಬಿಣದ ಗೇಟು ಎದ್ದಿತು. ಮರುದಿನ ಅದಕ್ಕೆ ಬೀಗವೂ ಬಿತ್ತು.

ಬೆಳ್ಯಪ್ಪನ ಮನೆಗೆ ಇರುವುದು ಅದೊಂದೇ ದಾರಿ. ಸವಣೂರಿನ ರಸ್ತೆಯಿಂದ ಭಟ್ಟರ ಅಂಗಳ, ಅಂಗಳದಿಂದ ಈ ದಾರಿ, ದಾರಿಯ ಕೊನೆಗೆ ಬೆಳ್ಯಪ್ಪ. ಅಜ್ಜಂದಿರ ಕಾಲದಿಂದ ಬಾಯಿಮಾತಿನಲ್ಲೇ ನಡೆದುಬಂದದ್ದು.

ಬೇರೆ ಯಾರಾದರೂ ಆಗಿದ್ದರೆ "ಬೀಗ ಯಾಕೆ ಭಟ್ರೆ?" ಎಂದು ಒಂದು ಮಾತು ಕೇಳುತ್ತಿದ್ದರು. ಬೆಳ್ಯಪ್ಪ ಪಂಚೆ ಎತ್ತಿ ಕಟ್ಟಿ, ಹಲಸಿನ ಮರವನ್ನು ಒಂದು ಕೈಯಲ್ಲಿ ತಬ್ಬಿಕೊಂಡು ಗೇಟು ಹತ್ತಿದ. ತುದಿಗೆ ತಲುಪಿದಾಗ ಆ ಕಡೆ ಭಟ್ಟರು ಕಂಡರು. ಗೇಟಿನ ಮೇಲೆ ಕುಳಿತವನು ನಮಸ್ಕಾರ ಮಾಡುವುದು ಹೇಗೆ? ನಾಚಿಕೆಯಾಗಿ ಮುಖ ತಿರುಗಿಸಿದ. ಭಟ್ಟರೂ ತಿರುಗಿ ಒಳಗೆ ಹೋದರು. ಅಂದಿನಿಂದ ಬೆಳ್ಯಪ್ಪ ಹತ್ತುತ್ತ ಇಳಿಯುತ್ತ ಇದ್ದ. ಬೀಗ ಇದ್ದಲ್ಲೇ ಇತ್ತು. ಊರಿಗೆ ಮಾತ್ರ ಕೈತುಂಬ ಕೆಲಸ ಸಿಕ್ಕಿತು.

"ಅದು ಗೇಟು ಅಂತ ಗ್ರಹಿಸ್ಬೇಡ ಮಾರಾಯ. ದಾರಿ ಮುಚ್ಚುವ ಉಪಾಯ ಅದು," ಎಂದಿದ್ದ ನೆರೆಯ ಕುಕ್ಕಪ್ಪ. "ನನಗೆ ಗೊತ್ತಿಲ್ವಾ? ಗೇಟು ನಿಲ್ಲಿಸುವ ದಿನ ಕಂಬ ಹಿಡಿದದ್ದು ನಾನೇ."

"ಭಟ್ರು ಎಂತದಾದ್ರೂ ಹೇಳಿದ್ರಾ?"

"ಅವರು ಸುಮಾರು ಹೇಳ್ತಾರೆ. ಎಲ್ಲ ನೆನಪಿರ್ತದಾ? ನೀನು ಎದುರಿಂದ ಕೇಳು. ಗಂಡಸಾದ್ರೆ ಕೇಳು."

ಕೇಳಲೇಬೇಕಾದ ಕಾಲ ಈಗ ಬಂದಿತ್ತು. ಬರುವ ಆದಿತ್ಯವಾರ ಮಗಳು ಹೇಮಶ್ರೀಯ ನಿಶ್ಚಿತಾರ್ಥ. ಅವಳು ಮೊದಲ ಹೆಜ್ಜೆ ಇಟ್ಟ ಅಂಗಳದಲ್ಲೇ ಅದು ಆಗಬೇಕೆಂದು ಬೆಳ್ಯಪ್ಪನ ಆಸೆ. ಮದುವೆ ಹಾಲ್ ಬೇಡ, ಹೋಟೆಲು ಬೇಡ ಎಂದು ಅವನು ಜೀವಮಾನದಲ್ಲಿ ಹಟ ಹಿಡಿದದ್ದು ಅದೊಂದಕ್ಕೇ. ಅಂಗಳ ಕೆತ್ತಿ ಸಮ ಮಾಡಿ, ಕಂಬಗಳಿಗೆ ಸುಣ್ಣ ಬಳಿದದ್ದೂ ಆಗಿತ್ತು. ಆದರೆ ಕಡಬದಿಂದ ಗಂಡಿನ ಕಡೆಯವರು ವ್ಯಾನಿನಲ್ಲಿ ಬರುವವರು. ಜೊತೆಗೆ ಮಂಡಿ ನೋವಿನ ಅಜ್ಜಿ. ಆ ಅಜ್ಜಿಯನ್ನು ಹಲಸಿನ ಮರ ತಬ್ಬಿಸಿ ಗೇಟು ಹತ್ತಿಸುವಂತಿಲ್ಲ.

"ಇವತ್ತು ಭಟ್ರಲ್ಲಿ ತಾಳಮದ್ದಳೆ," ಎಂದಳು ಪ್ರೇಮಾವತಿ ಬೆಳಿಗ್ಗೆ ಅಂಗಳಕ್ಕೆ ಸೆಗಣಿ ಸಾರಿಸುತ್ತ. "ನೀವು ಹೇಗೂ ಹೋಗದೆ ಇರುದಿಲ್ಲ. ಕೀ ಕೇಳದೆ ಬಂದ್ರೆ ಆ ಗೇಟಿನ ಆ ಕಡೆಯೇ ಇರಿ."

"ಕೇಳ್ತೇನೆ."

"ಎಂತ ಕೇಳುದು? ಹೇಳಿ ನೋಡುವ."

ಬೆಳ್ಯಪ್ಪ ಗಂಟಲು ಸರಿ ಮಾಡಿಕೊಂಡ. "ಭಟ್ರೆ, ಆ ಗೇಟು..."

"ಹ್ಞಾ, ಮುಂದೆ?"

"...ಒಳ್ಳೆ ಗಟ್ಟಿ ಉಂಟು."

ಪ್ರೇಮಾವತಿ ಸೆಗಣಿಯ ಕೈಯೆಂಬುದನ್ನೂ ಮರೆತು ಹಣೆಗೆ ಹೊಡೆದುಕೊಂಡಳು.

ಅವನ ಸ್ವಭಾವವೇ ಹಾಗೆ. ಅವನು ಬೆಳೆದದ್ದು ಪದ್ಯಗಳ ನಡುವೆ. ಮಳೆ ಸುರಿಯುವ ಆಟಿ ತಿಂಗಳ ಸಂಜೆಗಳಲ್ಲಿ ಅಜ್ಜ ದೀಪದ ಮುಂದೆ ಕುಳಿತು ರಾಮನ ಕತೆ ರಾಗವಾಗಿ ಓದುತ್ತಿದ್ದರು. ಬಾಣ ತಾಗಿ ವಾಲಿ ಬೀಳುವಲ್ಲಿಗೆ ಬಂದಾಗ ಅಜ್ಜನ ರಾಗ ನಡುಗುತ್ತಿತ್ತು. ಪುಸ್ತಕ ಮಡಚಿ, ಕಣ್ಣು ಒರೆಸಿ, "ಇವತ್ತಿಗೆ ಸಾಕು" ಎನ್ನುತ್ತಿದ್ದರು. ರಾಮ ಯಾಕೆ ಮರದ ಮರೆಯಲ್ಲಿ ನಿಂತ ಎಂದು ಬೆಳ್ಯಪ್ಪನ ನಾಲಗೆ ತುದಿಗೆ ಬರುತ್ತಿತ್ತು. ಆದರೆ ಕಣ್ಣೊರೆಸುವ ಅಜ್ಜನನ್ನು ಕೇಳುವುದೆಂತು? ದೊಡ್ಡವರು ಮಾಡಿದ್ದಕ್ಕೆ ಏನಾದರೂ ಕಾರಣ ಇದ್ದೀತು ಎಂದು ಅಂದು ಸುಮ್ಮನಾದವನು ಇಂದಿಗೂ ಸುಮ್ಮನೇ ಇದ್ದ.

ಮಧ್ಯಾಹ್ನದ ಊಟ ಮುಗಿಸಿ, ಶಾಲು ಹೆಗಲಿಗೆ ಹಾಕಿ ಗೇಟು ಹತ್ತಿದ. ಸಮುದ್ರ ಹಾರುವ ಮೊದಲು ಹನುಮಂತ ಒಂದು ಕ್ಷಣ ಯೋಚಿಸಿದನಂತೆ. ಬೆಳ್ಯಪ್ಪ ತುದಿಯಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದ. ಆ ಹೊತ್ತಿನಲ್ಲಿ ಕರು ಬಂದು ಕೆಳಗೆ ಇಳಿಬಿದ್ದ ಶಾಲಿನ ಅಂಚನ್ನು ತಿಂದಿತು. ಇಳಿಯುವಾಗ ಪಂಚೆ ಕಂಬಿಗೆ ಸಿಕ್ಕಿ ಪರ್ರೆಂದಿತು. ಅಂತೂ ಅರ್ಧ ಶಾಲು, ಮುಕ್ಕಾಲು ಪಂಚೆಯಲ್ಲಿ ಅವನು ಭಟ್ಟರ ಅಂಗಳ ತಲುಪಿದ.

ಅಂಗಳದಲ್ಲಿ ಶಾಮಿಯಾನ, ಕುರ್ಚಿ. ಮೈಕಿನವನು ಬಾವ ಎಂಬ ಹೆಸರಿನ ಪೇಟೆಯವನು. ವರ್ಷಗಟ್ಟಲೆ ಊರಿನ ತಾಳಮದ್ದಳೆಗಳಿಗೆಲ್ಲ ಮೈಕು ಕಟ್ಟಿ ಕಟ್ಟಿ, ಯಾವ ಪಾತ್ರ ಎಲ್ಲಿ ಸ್ವರ ಏರಿಸುತ್ತದೆಂದು ಮಾತಾಡುವ ಅರ್ಥಧಾರಿಗಳಿಗಿಂತ ಮೊದಲೇ ಅವನ ಕೈಗೆ ತಿಳಿಯುತ್ತಿತ್ತು.

"ಗೌಡ್ರೆ, ನಿಮ್ಮ ಗೇಟಿನ ಸುದ್ದಿ ಗೊತ್ತಾಯ್ತು," ಎಂದ ಬಾವ ವಯರು ಸುತ್ತುತ್ತ. "ಇವತ್ತು ಕೇಳಿ ಬಿಡಿ. ಅಕ್ಕನಿಗೂ ಕೇಳ್ಲಿ ಅಂತ ಒಂದು ಹಾರ್ನ್ ನಿಮ್ಮ ಮನೆ ಕಡೆಗೇ ತಿರುಗಿಸಿದ್ದೇನೆ."

"ಅಯ್ಯೋ ಬಾವ, ನಾನು ಮೈಕಿನಲ್ಲಿ ಎಂತ ಮಾತಾಡುದು? ಕೂತು ಕೇಳುವವ ನಾನು."

ಆ ಮಾತನ್ನು ಕೇಳಿಸಿಕೊಂಡ ವಿಧಿ ಎಲ್ಲಿಯೋ ನಕ್ಕಿರಬೇಕು.

ಜಗಲಿಯಲ್ಲಿ ಭಟ್ಟರು ಜುಬ್ಬ ತೊಟ್ಟು, ಹಣೆಗೆ ಗಂಧ ಹಚ್ಚಿ ಕುಳಿತಿದ್ದರು. ಇಂದು ವಾಲಿಯ ಕತೆ. ಭಟ್ಟರದ್ದು ರಾಮ, ಕುಕ್ಕಪ್ಪನದ್ದು ಸುಗ್ರೀವ. ವಾಲಿಗೆ ಗುತ್ತಿಗಾರಿನಿಂದ ಜಯಪ್ರಕಾಶ್ ಮಾಸ್ಟ್ರು ಬರಬೇಕು. ಅವರು ವಾಲಿಯಾಗಿ ಕುಳಿತರೆ ರಾಮನಿಗೆ ಬೆವರು ಇಳಿಯುತ್ತದೆಂದು ಪ್ರಸಿದ್ಧಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುವುದು, ಎದುರುಬದುರು ಕುಳಿತವರು ಅದಕ್ಕೆ ಅರ್ಥ ಹೇಳುತ್ತ ಬರೀ ಮಾತಿನಲ್ಲಿ ಯುದ್ಧ ಮಾಡುವುದು. ಭಟ್ಟರು ತಿಂಗಳಿಂದ ರಾಮನ ಉತ್ತರಗಳನ್ನು ಮಸೆಯುತ್ತಿದ್ದರು.

"ಬನ್ನಿ ಬೆಳ್ಯಪ್ಪ ಗೌಡ್ರೆ," ಎಂದು ಭಟ್ಟರು ಸ್ವಲ್ಪ ಗಂಭೀರವಾಗಿಯೇ ಕರೆದು ಬೆಲ್ಲ, ನೀರು ಕೊಡಿಸಿದರು.

ಬೆಳ್ಯಪ್ಪ ಬೆಲ್ಲದ ತುಂಡು ಕೈಯಲ್ಲಿ ಹಿಡಿದು ಧೈರ್ಯ ಒಟ್ಟುಮಾಡಿದ. "ಭಟ್ರೆ, ಆ ಗೇಟು..."

ಆಗಲೇ ಭಟ್ಟರ ಮೊಬೈಲು ಬಡಿದುಕೊಂಡಿತು.

"ಹಲೋ ಮಾಸ್ಟ್ರೆ! ಎಲ್ಲಿಗೆ ತಲುಪಿದ್ರಿ? ...ಎಂತ? ಆನೆಯಾ? ...ರಸ್ತೆಗೆ ಅಡ್ಡವಾ? ...ಹಗಲು ಹೊತ್ತಿನಲ್ಲಿಯಾ?" ಭಟ್ಟರ ಮುಖ ಸಪ್ಪಗಾಯಿತು. ಫೋನು ಇಟ್ಟು, "ಆನೆ ರಸ್ತೆಯಲ್ಲಿ ನಿಂತಿದೆಯಂತೆ. ಫಾರೆಸ್ಟಿನವರು ಯಾವ ವಾಹನವನ್ನೂ ಬಿಡುದಿಲ್ಲವಂತೆ. ವಾಲಿ ಇಲ್ಲ," ಎಂದರು.

ಮದ್ದಳೆಯವರು ಶ್ರುತಿ ಮಾಡುವುದನ್ನು ನಿಲ್ಲಿಸಿದರು. ಜನ ತುಂಬಿದ್ದರು. ಒಳಗೆ ಗೋಳಿಬಜೆಗೆ ಹಿಟ್ಟು ಕಲಸಿ ಇಟ್ಟಾಗಿತ್ತು.

"ವಾಲಿ ಇಲ್ಲದೆ ಏನು? ಇಲ್ಲೇ ಇದ್ದಾನೆ!" ಎಂದು ಕುಕ್ಕಪ್ಪ ಬೆಳ್ಯಪ್ಪನ ತೋಳು ಹಿಡಿದ. "ಹುಟ್ಟಿದಾರಭ್ಯ ಮುಂದಿನ ಸಾಲಿನಲ್ಲಿ ಕೂತು ಕೇಳಿದವ. ಪದ್ಯವೆಲ್ಲ ಬಾಯಿಪಾಠ. ಅಲ್ವಾ ಬೆಳ್ಯಪ್ಪಣ್ಣ?"

"ನಾನಾ? ನನ್ನಿಂದ..." ಎಂದು ಬೆಳ್ಯಪ್ಪ ಶುರುಮಾಡಿದ. "ಆಗುದಿಲ್ಲ" ಎಂಬ ಶಬ್ದ ಅವನ ಬಾಯಿಯಲ್ಲಿ ಯಾವತ್ತೂ ತಯಾರಿರುತ್ತಿರಲಿಲ್ಲ. ಅದನ್ನು ಹುಡುಕುವಷ್ಟರಲ್ಲಿ ಭಟ್ಟರು ತಮ್ಮ ಶಾಲನ್ನೇ ತೆಗೆದು ಅವನಿಗೆ ಹೊದಿಸಿ ಆಗಿತ್ತು.

ಕುಳ್ಳಿರಿಸಿದ ಮೇಲೆ ಶುರುವಾಯಿತು ಊರಿನ ಪಿಸುಮಾತು. ಕುಕ್ಕಪ್ಪ ಕಿವಿಯ ಹತ್ತಿರ ಬಾಗಿದ. "ಇಂಥ ಅವಕಾಶ ಮತ್ತೆ ಸಿಗುದಿಲ್ಲ. ವಾಲಿಗೆ ರಾಮನನ್ನು ಎಂತ ಬೇಕಾದ್ರೂ ಕೇಳುವ ಹಕ್ಕು ಉಂಟು. 'ಮರೆಯಲ್ಲಿ ಯಾಕೆ ನಿಂತೆ, ದಾರಿಗೆ ಯಾಕೆ ಅಡ್ಡ ಬಂದೆ, ಬೀಗ ಯಾಕೆ ಜಡಿದೆ' ಅಂತ ಕೇಳಿಬಿಡು!"

"ಕಿಷ್ಕಿಂಧೆಯಲ್ಲಿ ಬೀಗ ಎಲ್ಲಿಂದ ಕುಕ್ಕಪ್ಪ?"

"ಅದನ್ನು ನಾವು ಸೇರಿಸುದು ಮಾರಾಯ!"

ಹಿಂದಿನಿಂದ ದುಗ್ಗಮ್ಮಕ್ಕ ಗಟ್ಟಿಯಾಗಿಯೇ ಹೇಳಿದಳು: "ನನ್ನ ಮನೆಗೆ ನೀರಿನ ಪೈಪು ಯಾಕೆ ಬರ್ಲಿಲ್ಲ ಅಂತಲೂ ಒಂದು ಕೇಳಿ ಗೌಡ್ರೆ, ಹೇಗೂ ಕೇಳ್ತೀರಲ್ಲ." ಇನ್ನೊಬ್ಬರಿಗೆ ಸೊಸೈಟಿಯ ಸಾಲದ ವಿಷಯ. ಒಟ್ಟಿನಲ್ಲಿ ತ್ರೇತಾಯುಗದ ವಾಲಿಗೆ ಇದ್ದದ್ದು ಒಂದು ದೂರು. ಬೆಳ್ಯಪ್ಪನ ತಲೆಯ ಮೇಲೆ ಇಡೀ ಗ್ರಾಮಸಭೆ ಕುಳಿತಿತ್ತು.

ಭಾಗವತರು ಜಾಗಟೆ ಹೊಡೆದರು. ಪದ್ಯ ಏರಿತು. ಸುಗ್ರೀವನಾದ ಕುಕ್ಕಪ್ಪ ಮೈಕು ಹಿಡಿದು ಅಣ್ಣನನ್ನು ಯುದ್ಧಕ್ಕೆ ಕರೆದ ರೀತಿ ಹೇಗಿತ್ತೆಂದರೆ, ಕೊಟ್ಟಿಗೆಯಲ್ಲಿ ಕರು ಹೆದರಿ ಕೂಗಿತು. ಅದಕ್ಕೆ ವಾಲಿ, "ಬಾ ತಮ್ಮಾ" ಎಂದಷ್ಟೇ ಹೇಳಿದ. ಮಾತು ಮುಂದೆ ಹೋಗದ್ದರಿಂದ ಯುದ್ಧ ಬೇಗ ಮುಗಿಯಿತು. ರಾಮ ಮರದ ಮರೆಯಿಂದ ಬಾಣ ಬಿಟ್ಟ.

ಆ ಪದ್ಯವನ್ನು ಭಾಗವತರು ಹಾಡಿದಾಗ ಬೆಳ್ಯಪ್ಪನಿಗೆ ಶಾಮಿಯಾನ ಕಾಣಲಿಲ್ಲ, ಜನ ಕಾಣಲಿಲ್ಲ. ಅಜ್ಜನ ನಡುಗುವ ರಾಗ ಕೇಳಿಸಿತು. ದೀಪ, ಹೊರಗೆ ಮಳೆ, ಮಡಚಿದ ಪುಸ್ತಕ. ಎದೆಯಲ್ಲಿ ನಿಜವಾಗಿಯೂ ಏನೋ ನೆಟ್ಟಂತಾಯಿತು. ಮದ್ದಳೆ ನಿಂತಿತು. ಈಗ ವಾಲಿ ಕೇಳಬೇಕು. ಎಲ್ಲರೂ ಮುಂದಕ್ಕೆ ಬಾಗಿದರು. ಬಾವ ಸ್ವರದ ಗುಂಡಿಯನ್ನು ಸ್ವಲ್ಪ ಏರಿಸಿದ.

ಬೆಳ್ಯಪ್ಪ ಕೈ ಮುಗಿದ. "ಸ್ವಾಮೀ, ನೀನಾ ಬಾಣ ಬಿಟ್ಟದ್ದು? ಹಾಗಾದರೆ ಸರಿಯೇ ಇದ್ದೀತು."

ಭಟ್ಟರು ತಬ್ಬಿಬ್ಬಾದರು. "ಎಲೈ ವಾಲಿ! ಮರೆಯಲ್ಲಿ ನಿಂತು ಹೊಡೆದ ನನ್ನಲ್ಲಿ ನಿನಗೆ ಕೇಳುವುದು ಏನೂ ಇಲ್ಲವೇ?"

"ಇಲ್ಲ ಸ್ವಾಮೀ. ಏನಾದರೂ ಕಾರಣ ಇದ್ದೀತು."

"ಇದು ಅಧರ್ಮವೆಂದು ನಿನಗೆ ಅನ್ನಿಸುವುದಿಲ್ಲವೇ?"

"ನಿನಗೆ ಗೊತ್ತಿಲ್ಲದ ಧರ್ಮ ನನಗೆಲ್ಲಿಂದ ಗೊತ್ತು?"

ಅಡುಗೆಮನೆಯ ಬಾಗಿಲಿನಿಂದ ಯಾರೋ ಕೂಗಿದರು: "ವಾಲಿಯನ್ನು ಇನ್ನೂ ಸ್ವಲ್ಪ ಹೊತ್ತು ಬದುಕಿಸಿ ಇಡಿ ಮಾರಾಯ್ರೆ! ಎಣ್ಣೆ ಕಾಯ್ಲಿಲ್ಲ!"

ಭಟ್ಟರ ಕಷ್ಟ ಹೇಳತೀರದು. ಬತ್ತಳಿಕೆ ತುಂಬ ಉತ್ತರಗಳು. ಎದುರಿಗೆ ಒಂದೂ ಪ್ರಶ್ನೆಯಿಲ್ಲ. ಬಾಗಿಲು ತಟ್ಟುವ ಮೊದಲೇ ತೆರೆದರೆ ಹೆಗಲು ಕೊಟ್ಟು ನುಗ್ಗಲು ಬಂದವನು ಮುಗ್ಗರಿಸುವ ಹಾಗೆ ಅವರು ಮುಗ್ಗರಿಸಿದರು. ಕೊನೆಗೆ ಬೇರೆ ದಾರಿಯಿಲ್ಲದೆ, "ನೀನು ಕೇಳದಿದ್ದರೂ ಲೋಕ ಕೇಳೀತು" ಎಂದು ವಾಲಿಯ ಪ್ರಶ್ನೆಗಳನ್ನು ತಾವೇ ಕೇಳಿ, ತಾವೇ ಉತ್ತರಿಸತೊಡಗಿದರು. ಆದರೆ ತಮ್ಮ ಪ್ರಶ್ನೆಗೆ ತಾವೇ ಕೊಟ್ಟ ಉತ್ತರ ಯಾಕೋ ಅವರಿಗೇ ರುಚಿಸಲಿಲ್ಲ. ಒಂದೊಂದು ಉತ್ತರ ಮುಗಿದಾಗಲೂ ವಾಲಿ ತಲೆಯಾಡಿಸಿ "ಹೌದು ಸ್ವಾಮೀ" ಎನ್ನುತ್ತಿದ್ದ. ಆ ಒಂದೊಂದು "ಹೌದು" ಕೇಳಿದಾಗಲೂ ರಾಮನ ಸ್ವರ ಇಳಿಯುತ್ತಿತ್ತು.

"ನಿನ್ನ ಎದುರು ಬಂದು ಒಂದು ಮಾತು ಆಡಬಹುದಿತ್ತು," ಎಂದರು ಭಟ್ಟರು ಕೊನೆಗೆ, ಬಹಳ ಮೆತ್ತಗೆ. ಇದು ಅವರು ಮಸೆದು ಇಟ್ಟ ಮಾತಾಗಿರಲಿಲ್ಲ. "ಆಡಲಿಲ್ಲ. ಮರದ ಈಚೆ ನಾನು, ಆಚೆ ನೀನು. ನಡುವೆ ಮಾತು ಇರಬೇಕಾದಲ್ಲಿ ಬಾಣ ಬಂತು. ವಾಲಿ, ನನಗೂ ನೋವುಂಟು. ನಿನ್ನ ಮನಸ್ಸಿನಲ್ಲಿ ಇರುವುದನ್ನು ಕೇಳು. ಈ ಸಭೆಯ ಸಾಕ್ಷಿಯಾಗಿ ನಡೆಸಿಕೊಡುತ್ತೇನೆ."

ಸಭೆಗೆ ಸಭೆಯೇ ಗೇಟಿನ ಕಡೆ ತಿರುಗಿ ನೋಡಿತು. ಕುಕ್ಕಪ್ಪ ತಡೆಯಲಾರದೆ, "ಕೀ! ಕೀ!" ಎಂದು ಪಿಸುಗುಟ್ಟಿದ್ದು ಮೈಕಿಗೆ ಸಿಕ್ಕಿತು. ಕಪಿರಾಜ ಸುಗ್ರೀವ ದುಃಖದಲ್ಲಿ ಹಾಗೆ ಕೂಗಿದ್ದೆಂದು ತಿಳಿದು ಹಿಂದಿನ ಸಾಲಿನವರು ಮೆಚ್ಚಿ ಚಪ್ಪಾಳೆ ತಟ್ಟಿದರು.

ಗೇಟಿನ ಮಾತು ಬೆಳ್ಯಪ್ಪನ ಗಂಟಲಿನ ವರೆಗೂ ಬಂದಿತ್ತು. ಆದರೆ ಸಾಯುವ ವಾಲಿ ರಾಮನಲ್ಲಿ ಕೇಳುವುದು ಕಬ್ಬಿಣದ ಸಾಮಾನಲ್ಲ. ಮಗ ಅಂಗದನನ್ನು ಅವನ ಕೈಗೆ ಒಪ್ಪಿಸುವುದು ಕ್ರಮ. ಅಜ್ಜ ಓದಿದ್ದೂ ಹಾಗೆಯೇ. ಅಂಗದನೆಂದೊಡನೆ ಬೆಳ್ಯಪ್ಪನ ಕಣ್ಣೆದುರು ಬಂದವಳು ಹೇಮಶ್ರೀ. ಅಂಗಳದಲ್ಲಿ ಬಿದ್ದು ಎದ್ದು ನಡೆಯುವ ಪುಟ್ಟ ಹೇಮಶ್ರೀ. ಕಣ್ಣೀರು ದಳದಳನೆ ಇಳಿಯಿತು.

"ನನ್ನ ಮಗುವನ್ನು ನೀನೇ ನೋಡಿಕೊಳ್ಳಬೇಕು ಸ್ವಾಮೀ," ಎಂದ. ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಬಗ್ಗಿ ಕುಳಿತ. ವಾಲಿ ಮುಗಿದ.

ಭಟ್ಟರು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಎದ್ದೇ ನಿಂತರು. "ಇನ್ನು ರಾಮನಾಗಿ ಅಲ್ಲ, ಮಹೇಶ್ವರನಾಗಿ ಹೇಳ್ತೇನೆ. ಬೆಳ್ಯಪ್ಪ ಗೌಡ್ರು ತುಂಬಿದ ಸಭೆಯಲ್ಲಿ ಮಗಳನ್ನು ನನ್ನ ಕೈಗೆ ಒಪ್ಪಿಸಿದ್ದಾರೆ. ಬರುವ ಆದಿತ್ಯವಾರ ಹೇಮಶ್ರೀಯ ನಿಶ್ಚಿತಾರ್ಥ ಇದೇ ಅಂಗಳದಲ್ಲಿ! ಶಾಮಿಯಾನ ನನ್ನದು, ಊಟ ನನ್ನದು. ಎಲ್ಲರೂ ಬರ್ಬೇಕು!"

ಚಪ್ಪಾಳೆ ಸಿಡಿಯಿತು. ಶಾಲಿನ ಒಳಗೆ ಬೆಳ್ಯಪ್ಪನ ಕಣ್ಣು ಅಗಲವಾಯಿತು. ಬೇಡ ಭಟ್ರೆ, ನನ್ನ ಅಂಗಳ ಉಂಟು ಎನ್ನಬೇಕೆಂದು ತಲೆ ಎತ್ತಿದ. ಆದರೆ ಸತ್ತ ವಾಲಿ ಮಾತಾಡುವ ಕ್ರಮ ಇಲ್ಲ. ಭಾಗವತರು ಕಣ್ಣಲ್ಲೇ ಗದರಿಸಿ, ಅವನು ಇನ್ನೊಮ್ಮೆ ಬದುಕುವ ಮೊದಲೇ ಮಂಗಳ ಹಾಡಿಬಿಟ್ಟರು. ಒಳಗೆ ಎಣ್ಣೆ ಕಾದಿತ್ತು.

ಗೋಳಿಬಜೆ ತಿಂದವರೆಲ್ಲ ಬೆಳ್ಯಪ್ಪನ ಬೆನ್ನು ತಟ್ಟಿದರು. "ಇಂಥ ವಾಲಿಯನ್ನು ನೋಡಿಯೇ ಇಲ್ಲ," ಎಂದರು ಭಾಗವತರು. ಯಾವ ಅರ್ಥದಲ್ಲಿ ಎಂದು ಅವನು ಕೇಳಲಿಲ್ಲ.

ಬಿಸಿಲು ಇಳಿದಾಗ ಭಟ್ಟರೇ ಅವನನ್ನು ಬೀಳ್ಕೊಡಲು ಗೇಟಿನ ವರೆಗೆ ಬಂದರು. ಬೆಳ್ಯಪ್ಪ ಅಭ್ಯಾಸದಂತೆ ಪಂಚೆ ಎತ್ತಿ ಕಟ್ಟಿ, ಹಲಸಿನ ಮರ ತಬ್ಬಿ, ಒಂದು ಕಾಲು ಕಂಬಿಯ ಮೇಲಿಟ್ಟ.

"ಇನ್ನೂ ಸಿಟ್ಟು ಹೋಗ್ಲಿಲ್ವಾ ಗೌಡ್ರೆ?" ಎಂದರು ಭಟ್ಟರು.

"ಸಿಟ್ಟಾ? ನನಗಾ?"

"ಮತ್ತೆ ಹತ್ತುದು ಯಾಕೆ?" ಭಟ್ಟರು ಹಲಸಿನ ಮರದ ಹಿಂದಕ್ಕೆ ಕೈ ಹಾಕಿ, ಅಲ್ಲಿ ಮೊಳೆಗೆ ನೇತುಹಾಕಿದ್ದ ಕೀಯನ್ನು ತೆಗೆದರು. "ಬೀಗ ಹಾಕಿದ ದಿನದಿಂದ ನಿಮಗೆ ಅಂತಲೇ ಇಲ್ಲಿ ಇಟ್ಟದ್ದು. ಕರು ನಿಮ್ಮ ಬಸಳೆ ತಿಂತದಲ್ಲ ಅಂತ ನಾಚಿಕೆಯಾಗಿ ಗೇಟು ಹಾಕಿಸಿದೆ. ಅದು ಮೂಗಿನಲ್ಲಿ ಚಿಲಕ ಎತ್ತಲಿಕ್ಕೆ ಕಲಿತಿತು. ಹಾಗೆ ಬೀಗ. ಕೀ ಮರದ ಹಿಂದೆ ಉಂಟು ಅಂತ ಹೇಳ್ಲಿಕ್ಕೆ ಕುಕ್ಕಪ್ಪನಲ್ಲಿ ಹೇಳಿದ್ದೆ. ಹೇಳ್ಲಿಲ್ವಾ?"

ಬೆಳ್ಯಪ್ಪನ ಕಾಲು ಕಂಬಿಯಿಂದ ತಾನಾಗಿ ಜಾರಿತು. "ನೀವೇ ಒಂದು ಮಾತು..."

"ಹೇಗೆ ಹೇಳುದು? ಮರುದಿನವೇ ನೀವು ಗೇಟು ಹತ್ತಿ ಕೂತು ಮುಖ ತಿರುಗಿಸಿದ್ರಿ. ಕೀ ಇದ್ದೂ ಹತ್ತಬೇಕಾದ್ರೆ ದೊಡ್ಡ ಸಿಟ್ಟೇ ಇರಬೇಕು ಅಂತ ನಾನು ಸುಮ್ಮನಾದೆ. ಇವತ್ತು ನೀವು ವಾಲಿಯಾಗಿ ಕೇಳಬಹುದು, ಕೇಳಿದ್ರೆ ಹೇಳುವ ಅಂತ ಕಾದೆ. ನೀವು ಕೇಳ್ಲೇ ಇಲ್ಲ." ಭಟ್ಟರು ಕೀಯನ್ನು ಅವನ ಕೈಯಲ್ಲಿಟ್ಟರು. "ಹೋಗ್ಲಿ ಬಿಡಿ. ಎಲ್ಲ ಒಳ್ಳೆದಕ್ಕೇ. ಅಡುಗೆಯವರಿಗೆ ಈಗಲೇ ಫೋನು ಮಾಡಿ ಆಯ್ತು. ನೀವು ಬರೇ ಬಂದು ಕೂತ್ರೆ ಸಾಕು."

ಬೆಳ್ಯಪ್ಪ ಗೇಟು ತೆರೆದು ನಡೆಯುತ್ತ ಯೋಚಿಸಿದ. ಸಾಯುವ ಹೊತ್ತಿನಲ್ಲಿ ವಾಲಿ ರಾಮನನ್ನು ಪ್ರಶ್ನೆ ಕೇಳಿದ್ದು ಅಹಂಕಾರದಿಂದ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಹಾಗಿರಲಾರದು. ಉತ್ತರ ಸಿಕ್ಕೀತೆಂಬ ನಂಬಿಕೆ ಇರುವಲ್ಲಿ ಮಾತ್ರ ಮನುಷ್ಯ ಕೇಳುತ್ತಾನೆ. ಅಜ್ಜನೂ ಪುಸ್ತಕ ಮಡಚಿ ಯಾರಾದರೂ ಕೇಳಲಿ ಎಂದು ಕಾದಿದ್ದರೋ ಏನೋ. ಆ ಉತ್ತರವೂ ಈಗ ಮರದ ಹಿಂದೆಯೇ ಉಳಿಯಿತು.

ಸುಣ್ಣ ಬಳಿದ ಕಂಬಗಳ ನಡುವೆ, ಸಾರಿಸಿ ಫಳಫಳ ಮಾಡಿದ ಅಂಗಳದ ಮೆಟ್ಟಿಲಲ್ಲಿ ಪ್ರೇಮಾವತಿ ಕುಳಿತಿದ್ದಳು. ಬಾವನ ಹಾರ್ನ್ ತನ್ನ ಕೆಲಸ ಮಾಡಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಬಂದ್ರಾ? ಸತ್ತವರು ನಡೆದು ಬರ್ತಾರೆ ಅಂತ ಗೊತ್ತಿರ್ಲಿಲ್ಲ."

ಬೆಳ್ಯಪ್ಪ ಕೀ ಚಾಚಿದ.

"ಇದು ಎಲ್ಲಿತ್ತು?"

"ಮರದ ಹಿಂದೆ."

"ಯಾವ ಮರದ?"

"ನಾನು ದಿನಾ ಹಿಡ್ಕೊಂಡು ಹತ್ತುದಲ್ವಾ, ಆ ಮರದ."

ಪ್ರೇಮಾವತಿ ಕೀಯನ್ನು ನೋಡಿದಳು, ಗಂಡನನ್ನು ನೋಡಿದಳು, ಯಾರೂ ಬಂದು ಕೂರದ ಅಂಗಳವನ್ನು ನೋಡಿದಳು. ಮತ್ತೆ ಅವಳ ಕಣ್ಣು ಅವನ ಹಿಂದೆ ಹೋಗಿ ನಿಂತಿತು.

ಬೆಳ್ಯಪ್ಪ ತಿರುಗಿದ. ಬೀಗ ತೆಗೆದವನು ಹಾಕಲು ಮರೆತಿದ್ದ. ಕರು ಅವನು ಭಟ್ಟರ ಜಗಲಿಯಲ್ಲಿ ಮರೆತು ಬಂದ ಶಾಲಿನ ಉಳಿದರ್ಧವನ್ನು ಅಗಿಯುತ್ತ ನಿಧಾನವಾಗಿ ಬಂದು, ಇಬ್ಬರನ್ನೂ ದಾಟಿ, ಇಷ್ಟು ದಿನದಲ್ಲಿ ಚಿಗುರಿ ತುಂಬಿದ್ದ ಬಸಳೆ ಚಪ್ಪರಕ್ಕೆ ಬಾಯಿ ಹಾಕಿತು.

"ಅದನ್ನಾದ್ರೂ ಕೇಳಿ," ಎಂದಳು ಪ್ರೇಮಾವತಿ, "ಯಾಕೆ ಬಂದದ್ದು ಅಂತ."

ಬೆಳ್ಯಪ್ಪ ಹತ್ತಿರ ಹೋಗಿ ಕರುವಿನ ಕಿವಿ ತುರಿಸಿದ. ಅದು ಒಮ್ಮೆ ತಲೆ ಎತ್ತಿ ಅವನನ್ನು ನೋಡಿ, ಮತ್ತೆ ತಿನ್ನತೊಡಗಿತು.

ಏನಾದರೂ ಕಾರಣ ಇದ್ದೀತು.